ಲೆಂಗ್ ದೊಡ್ಡಪ್ಪನ ಮೂಗು

ನಮ್ಮ ಗಲ್ಲಿಯ ಚುವಾ ಬೊಕ್‌ಲೆಂಗ್‌ನನ್ನು ಎಲ್ಲರೂ ಲೆಂಗ್ ದೊಡ್ಡಪ್ಪ ಎಂದು ಕರೆಯುತ್ತಿದ್ದೆವು. ಪ್ರೀತಿಯಿಂದ ಎಂದುಕೊಳ್ಳಬೇಡಿ. ಹಾಗೆ ಕರೆಯದಿದ್ದರೆ ಅವನ ಜಗಲಿಯಲ್ಲಿ ಚಹಾ ಹುಟ್ಟುತ್ತಿರಲಿಲ್ಲ. ಕರೆದರೂ ಅಷ್ಟೇ, ಪ್ರತಿ ಬಟ್ಟಲಿನ ಜೊತೆಗೆ ಒಂದು ಬೈಗುಳ ಬಂದೇ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಆ ಎರಡನ್ನೂ ಒಟ್ಟಿಗೆ ನುಂಗಿದವನು ನಾನು. ಎದುರುಗಡೆ ನನ್ನದೊಂದು ರಬ್ಬರ್ ಚಪ್ಪಲಿ ಅಂಗಡಿ. ಹಾಗಾಗಿ ಅವನ ಬಾಯಲ್ಲಿ ನನ್ನ ಹೆಸರೇ ‘ಚಪ್ಪಲಿ’.

ಲೋಕದ ಚಹಾಗಳನ್ನೆಲ್ಲ ಅವನು ಎಂದೋ ವಿಚಾರಣೆ ಮಾಡಿ ಮುಗಿಸಿದ್ದ. ಉತ್ತರ ಚೀನಾದವರ ಮಲ್ಲಿಗೆ ಚಹಾ ಅವನಿಗೆ ‘ಮುದುಕಿಯರ ತಲೆ ಎಣ್ಣೆ’. ಗ್ವಾಂಗ್‌ಚೌ ಕಡೆಯವರು ಊಟದ ಜೊತೆ ಕುಡಿಯುವ ಕಪ್ಪನೆಯ ಪುಆರ್ ‘ಗೆದ್ದಲು ಹಿಡಿದ ಕಪಾಟಿನ ಕಷಾಯ’. ಗಡಿಯಾಚೆ ಫೂಜಿಯನ್‌ನವರ ಹಸಿರು ಬಣ್ಣದ ಊಲಾಂಗ್ ‘ದನ ಮೂಸಿ ಬಿಟ್ಟ ಹುಲ್ಲು’. ಗುಡ್ಡದ ಹಕ್ಕಾ ಜನ ಎಳ್ಳು, ಶೇಂಗಾ ಎಲ್ಲ ಹಾಕಿ ಅರೆದು ಕುಡಿಯುತ್ತಾರಲ್ಲ, ಅದು ಕುಡಿಯುವುದಕ್ಕಲ್ಲವಂತೆ, ಗೋಡೆ ಬಿರುಕಿಗೆ ಮೆತ್ತುವುದಕ್ಕಂತೆ. ಹುಡುಗಿಯರು ದಪ್ಪ ಕೊಳವೆಯಲ್ಲಿ ಹೀರುವ, ತಳದಲ್ಲಿ ಸಾಬೂದಾನಿ ಉಂಡೆಗಳಿರುವ ಹಾಲು ಚಹಾವನ್ನು ಕಂಡರೆ ಮುಖವನ್ನೇ ತಿರುಗಿಸುತ್ತಿದ್ದ. ಒಮ್ಮೆ ನನ್ನ ಮಗಳು ದಾರ ಕಟ್ಟಿದ ಕಾಗದದ ಚೀಲವನ್ನು ಲೋಟದೊಳಗೆ ಎತ್ತಿ ಇಳಿಸಿ ಮಾಡುತ್ತಿದ್ದುದನ್ನು ಅಂಗಡಿಯ ಬಾಗಿಲಲ್ಲೇ ನಿಂತು ನೋಡಿ, “ಏನೋ ಚಪ್ಪಲಿ, ನಿನ್ನ ಮಗಳು ಇಲಿಗೆ ಬಾಲ ಹಿಡ್ಕೊಂಡು ಸ್ನಾನ ಮಾಡಿಸ್ತಿದಾಳಲ್ಲೋ” ಎಂದ. ಅವಳು ಆ ವರ್ಷವಿಡೀ ಕಾಫಿ ಕುಡಿದಳು.

ಉಳಿದದ್ದು ಒಂದೇ: ನಮ್ಮದೇ ಫೆಂಗ್‌ಹ್ವಾಂಗ್ ಬೆಟ್ಟದ ಚಹಾ. ಅದರಲ್ಲೂ ಅವನು ಒಪ್ಪುತ್ತಿದ್ದದ್ದು ನೂರಕ್ಕೆ ನಾಲ್ಕನ್ನು.

ಚಹಾ ಮಾಡುವಾಗ ಮಾತ್ರ ಆ ಬಾಯಿ ಮುಚ್ಚಿರುತ್ತಿತ್ತು. ಆಲಿವ್ ಬೀಜದ ಇದ್ದಿಲಿನ ಒಲೆ, ಅದರ ಮೇಲೆ ಮಣ್ಣಿನ ಕೆಟಲು. ನೀರಿನಲ್ಲಿ ಏಡಿಯ ಕಣ್ಣಿನಷ್ಟು ಗುಳ್ಳೆ ಎದ್ದ ತಕ್ಷಣ ಇಳಿಸಬೇಕು. ಕಿತ್ತಳೆಹಣ್ಣಿನ ಗಾತ್ರದ ಕೆಂಪು ಮಣ್ಣಿನ ಕುಡಿಕೆಗೆ ಕತ್ತಿನ ತನಕ ಎಲೆ ತುರುಕಬೇಕು. ಮೊದಲ ನೀರನ್ನು ಚೆಲ್ಲಬೇಕು. ಎರಡನೆಯದನ್ನು ಮೂರು ಪುಟ್ಟ ಬಟ್ಟಲುಗಳ ಮೇಲೆ ಸುತ್ತಿ ಸುತ್ತಿ ಸುರಿದು, ಕೊನೆಯ ಹನಿಗಳನ್ನು ಒಂದಕ್ಕೆ ಹೆಚ್ಚಲ್ಲ ಒಂದಕ್ಕೆ ಕಡಿಮೆಯಲ್ಲ ಎನ್ನುವಂತೆ ತೊಟ್ಟಿಕ್ಕಿಸಬೇಕು. ಜಗಲಿಯಲ್ಲಿ ಮೂವರಿರಲಿ ಎಂಟು ಜನರಿರಲಿ, ನಮ್ಮಲ್ಲಿ ಬಟ್ಟಲು ಮೂರೇ. ಉಳಿದವರು ಸರದಿ ಕಾಯಬೇಕು. ಯಾರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದರಲ್ಲಿ ಯಾರ ಮರ್ಯಾದೆ ಎಷ್ಟೆಂದು ಗೊತ್ತಾಗುತ್ತದೆ. ನಾನು ಈ ಇಪ್ಪತ್ತೆರಡು ವರ್ಷಗಳಲ್ಲಿ ಬಿಸಿ ಚಹಾ ಕುಡಿದದ್ದು, ಬೇರೆ ಯಾರೂ ಬಾರದ ದಿನಗಳಲ್ಲಿ ಮಾತ್ರ. ಇನ್ನೊಂದು ಕಟ್ಟಳೆ: ಹೊಸಬರು ಬಂದರೆ ಇದ್ದ ಎಲೆಯನ್ನು ಚೆಲ್ಲಿ ಹೊಸ ಎಲೆ ಹಾಕಬೇಕು. ಹಾಕದಿದ್ದರೆ ‘ಇನ್ನು ಹೊರಡು’ ಎಂದು ಬಾಯಿಬಿಟ್ಟು ಹೇಳಿದಂತೆ.

ಈ ಮಹಾಪಂಡಿತ ಮೊದಲು ಏನಾಗಿದ್ದ ಎಂದರೆ, ಚಹಾ ಖರೀದಿ ಕೇಂದ್ರದಲ್ಲಿ ತಕ್ಕಡಿ ಹಿಡಿಯುತ್ತಿದ್ದ. ಇಪ್ಪತ್ತಾರು ವರ್ಷ ಅದೇ ಕೆಲಸ. ಬೆಟ್ಟದವರು ಗೋಣಿ ಹೊತ್ತು ತರುತ್ತಿದ್ದರು, ಒಳಗೆ ಇಬ್ಬರು ಪರೀಕ್ಷಕರು ಮೂಸಿ, ಚಪ್ಪರಿಸಿ, ಉಗುಳಿ, ‘ಒಂದನೇ ದರ್ಜೆ’, ‘ಮೂರನೇ ದರ್ಜೆ’ ಎನ್ನುತ್ತಿದ್ದರು, ಇವನು ತೂಗುತ್ತಿದ್ದ. ಪರೀಕ್ಷಕರು ಉಗುಳಿದ್ದನ್ನು ಒರೆಸುವುದೂ ಇವನ ಪಾಲಿಗೇ ಇತ್ತೆಂದು ಹೇಳುವವರಿದ್ದಾರೆ. ನಾನು ಕೇಳಿಲ್ಲ, ಕೇಳುವ ಧೈರ್ಯ ನನಗಿಲ್ಲ. ಕೇಂದ್ರ ಮುಚ್ಚಿತು. ಪರೀಕ್ಷಕರಲ್ಲಿ ಒಬ್ಬರು ತೀರಿಕೊಂಡರು, ಇನ್ನೊಬ್ಬರು ಮಗಳ ಮನೆಗೆ ಹೋದರು. ಆಮೇಲೂ ಬೆಟ್ಟದವರು ಅಭ್ಯಾಸಬಲದಿಂದ ಪೊಟ್ಟಣ ಹಿಡಿದುಕೊಂಡು ಇಳಿದು ಬರುತ್ತಲೇ ಇದ್ದರು. ಸಿಕ್ಕವನು ತಕ್ಕಡಿಯವನೊಬ್ಬನೇ. ಅವನು ಮೂಸಿ, ಚಪ್ಪರಿಸಿ, ಉಗುಳಿ ತೀರ್ಪು ಕೊಟ್ಟ. ತೀರ್ಪು ಸರಿಯಾಗಿತ್ತು. ಅದನ್ನು ನಾನು ಒಪ್ಪಲೇಬೇಕು. ಮಳೆ ಬಿದ್ದ ಮಧ್ಯಾಹ್ನ ಕೊಯ್ದ ಎಲೆ, ಹುರಿಯುವವನು ನಿದ್ದೆಗಣ್ಣಲ್ಲಿದ್ದ ದಿನದ ಎಲೆ, ಹೊಸದಾಗಿ ಬಣ್ಣ ಬಳಿದ ಕೋಣೆಯಲ್ಲಿ ಇಟ್ಟ ಎಲೆ, ಎಲ್ಲವೂ ಆ ಮೂಗಿಗೆ ಗೊತ್ತಾಗುತ್ತಿತ್ತು.

ಆ ಮೂಗಿನ ಮೇಲೆ ಬೆಟ್ಟದ ಮರಗಳ ಜೀವ ನಿಂತಿತ್ತು. ನಮ್ಮ ಬೆಟ್ಟದ ಹಳೇ ಚಹಾ ಮರಗಳಲ್ಲಿ ಒಂದರ ಪರಿಮಳ ಇನ್ನೊಂದಕ್ಕಿಲ್ಲ. ಆದ್ದರಿಂದ ಒಂದೊಂದರ ಎಲೆಯನ್ನೂ ಬೇರೆ ಕೊಯ್ದು, ಬೇರೆ ಹುರಿದು, ಬೇರೆ ಪೊಟ್ಟಣ ಕಟ್ಟುತ್ತಾರೆ. ಮರಗಳಿಗೆ ಹೆಸರಿಡುತ್ತಾರೆ. ಹೆಸರು ಕೇಳಿ ದೊಡ್ಡದೇನೋ ನಿರೀಕ್ಷಿಸಬೇಡಿ. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇರುವ ತಳಿಯ ಹೆಸರು ‘ಬಾತುಕೋಳಿ ಹಿಕ್ಕೆ’. ಈಗ ಊರಿಗೆ ಬರುವ ಶೋಕಿಗಾರರೆಲ್ಲ ಅದನ್ನೇ ಕೇಳುತ್ತಾರೆ. ಹಾಗಾಗಿ ಬೆಟ್ಟದವರು ಹಳೇ ಮರವನ್ನು ಸೊಂಟದ ಮಟ್ಟಕ್ಕೆ ಗರಗಸದಿಂದ ಕೊಯ್ದು, ಮೇಲೆ ಹಿಕ್ಕೆಯ ಕಡ್ಡಿ ಕಸಿ ಕಟ್ಟುತ್ತಾರೆ. ಕೊಯ್ದ ಮೇಲೆ ಆ ಮರದ ಪರಿಮಳ ಹೋಯಿತು, ಮತ್ತೆ ಬರುವುದಿಲ್ಲ. ಕೊಯ್ಯಬೇಕೋ ಬೇಡವೋ ಎಂದು ಮನೆಯವರಿಗೆ ಅನುಮಾನ ಬಂದರೆ, ಕೊನೆಯ ಮಾತು ಲೆಂಗ್ ದೊಡ್ಡಪ್ಪನದು.

ಎರಡು ವರ್ಷದ ಹಿಂದೆ ಅವನಿಗೆ ಹದಿನೈದು ದಿನ ಜ್ವರ ಬಂತು. ಎದ್ದು ಕೂತ ಮೇಲೆ ಅವನ ತಿರಸ್ಕಾರ ಇಮ್ಮಡಿಯಾಯಿತು. ನೂರಕ್ಕೆ ನಾಲ್ಕಿದ್ದದ್ದು ಸೊನ್ನೆಗೆ ಇಳಿಯಿತು. ಯಾವ ಪೊಟ್ಟಣ ಬಂದರೂ “ಕಡೀರಿ”. ಹನ್ನೆರಡು ತಿಂಗಳಲ್ಲಿ ನಾಲ್ಕು ಹಳೇ ಮರಗಳು ಹೋದವು. ನಾವೇನು ಅಂದುಕೊಂಡೆವು? ದೊಡ್ಡಪ್ಪ ಇನ್ನೂ ಮೇಲಿನ ಮಟ್ಟಕ್ಕೆ ಏರಿದ್ದಾನೆ, ಈಗ ಅವನ ನಾಲಗೆಗೆ ಯಾವುದೂ ಎಟುಕುವುದಿಲ್ಲ ಎಂದುಕೊಂಡೆವು. ಬೈಯುವವನನ್ನು ಕಂಡರೆ ನಮ್ಮ ಗಲ್ಲಿಗೆ ಭಕ್ತಿ ಜಾಸ್ತಿ.

ಜಗಲಿಗೆ ಬರುವವರಲ್ಲಿ ನಿಜ ಮೊದಲು ಗೊತ್ತಾದದ್ದು ನನಗೆ. ನಾನು ಜಾಣನೆಂದಲ್ಲ. ಒಬ್ಬ ಕಳ್ಳನ ವರಸೆ ಇನ್ನೊಬ್ಬ ಕಳ್ಳನಿಗೆ ಬೇಗ ಹೊಳೆಯುತ್ತದೆ. ಇಷ್ಟು ವರ್ಷದಲ್ಲಿ ನನಗೆ ಒಂದು ಚಹಾಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಗೊತ್ತಾಗಿಲ್ಲ; ಬಿಸಿಯೋ ತಣ್ಣಗೋ ಅಷ್ಟು ಗೊತ್ತಾಗುತ್ತದೆ. ಬಟ್ಟಲು ತುಟಿಗಿಟ್ಟು, ಕಣ್ಣು ಅರ್ಧ ಮುಚ್ಚಿ, ದೊಡ್ಡಪ್ಪನ ಮುಖ ನೋಡುವುದು. ಅವನು ‘ಬಾದಾಮಿ’ ಎಂದರೆ ‘ಬಾದಾಮಿಯೇ’ ಎನ್ನುವುದು. ಇದೇ ನನ್ನ ವಿದ್ಯೆ. ಹೀಗಿರುವಾಗ ಒಂದು ದಿನ ಎಂದಿನಂತೆ ಕಣ್ಣು ಅರ್ಧ ಮುಚ್ಚಿ ನೋಡುತ್ತೇನೆ, ದೊಡ್ಡಪ್ಪನೂ ಕಣ್ಣು ಅರ್ಧ ಮುಚ್ಚಿ ನನ್ನ ಮುಖವನ್ನೇ ನೋಡುತ್ತಿದ್ದಾನೆ!

“ಹೇಳು ಚಪ್ಪಲಿ, ಏನನ್ನಿಸ್ತು?” ಎಂದ. ಜನ್ಮದಲ್ಲಿ ನನ್ನ ಅಭಿಪ್ರಾಯ ಕೇಳಿದವನಲ್ಲ.

ನಾನು ಬೆವೆತು, “ಸೀತಾಳೆ ಹೂವು ಅನ್ಸುತ್ತೆ ದೊಡ್ಡಪ್ಪ” ಎಂದೆ.

“ಸೀತಾಳೆನೇ. ಆದ್ರೆ ಸತ್ತ ಸೀತಾಳೆ.”

ಆಮೇಲೆ ತಿರುಗಿಸಿ ನೋಡಿದರೆ, ಪೊಟ್ಟಣದ ಮೇಲೆ ‘ಬಾದಾಮಿ’ ಎಂದು ಬರೆದಿತ್ತು.

ಒಳಗೆ ಅಡುಗೆಮನೆಯಲ್ಲಿ ದೊಡ್ಡಮ್ಮ ಇದ್ದಳು. ನಲವತ್ತೈದು ವರ್ಷ ಸಂಸಾರ ಮಾಡಿಯೂ ಗಂಡನ ಚಹಾ ಮುಟ್ಟದೆ ಬರೀ ಬಿಸಿನೀರು ಕುಡಿಯುವ ಹೆಂಗಸು. ಬೇಕೆಂದೇ ಹಾಗೆ ಮಾಡುತ್ತಾಳೆ ಎಂದು ನನ್ನ ನಂಬಿಕೆ. ನೀರು ಕೇಳುವ ನೆಪದಲ್ಲಿ ಒಳಹೊಕ್ಕು ಮೆಲ್ಲಗೆ ವಿಚಾರಿಸಿದೆ.

“ಈಗ ಗೊತ್ತಾಯ್ತಾ ನಿನಗೆ?” ಎಂದಳು. “ಜ್ವರ ಬಿಟ್ಟಾಗಿಂದ ಏನೂ ವಾಸ್ನೆ ಬರಲ್ಲ ಅವರಿಗೆ. ಮೊನ್ನೆ ಗಂಜಿ ತಳ ಹಿಡಿದು ಕರಕಾಯ್ತು, ಎರಡು ಬಟ್ಲು ಉಂಡು ಎದ್ರು.”

“ಮತ್ತೆ ಆ ಮರಗಳು…”

“ಮರ ನಿಮ್ಮಪ್ಪನದಾ? ಅವರ ಮರ್ಯಾದೆ ಒಂದು ಉಳಿದಿದೆ, ಅದನ್ನೂ ತೆಗೀಬೇಡ. ಬಾಯಿ ಮುಚ್ಕೊಂಡಿರು. ಅದರಲ್ಲಿ ನಿನಗೆ ಅಭ್ಯಾಸ ಇದೆಯಲ್ಲ.”

ನಿಜ, ಅಭ್ಯಾಸ ಇತ್ತು. ಮುಚ್ಚಿಕೊಂಡೆ. ಆ ನಾಲ್ಕು ಮರಗಳಲ್ಲಿ ಕೊನೆಯದು ಹೋದದ್ದು ನನಗೆ ಗೊತ್ತಾದ ಮೇಲೆ. ಇದನ್ನು ಎಷ್ಟು ಬೇಗ ಹೇಳಿ ಮುಗಿಸಿದರೆ ಅಷ್ಟು ಒಳ್ಳೆಯದು.

ಈ ವರ್ಷ ಚಳಿಗಾಲ ಮುಗಿಯುತ್ತ ಬಂದಾಗ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ಬೆಟ್ಟದಿಂದ ಸೊಕ್‌ಲುವಾನ್ ಬಂದಳು. ಐವತ್ತೈದರ ವಿಧವೆ, ಬೆರಳುಗಳೆಲ್ಲ ಚಹಾ ಕಲೆಯಿಂದ ಕಂದು. ಅವಳ ಹಿತ್ತಿಲಿನಲ್ಲಿ ಅವಳ ಗಂಡನ ಮುತ್ತಜ್ಜ ನೆಟ್ಟದ್ದೆಂದು ಹೇಳುವ ಒಂದು ಮರವಿತ್ತು. ಒಂದು ಪಕ್ಕಕ್ಕೆ ವಾಲಿದ್ದರಿಂದ ಅದಕ್ಕೆ ‘ಕುಂಟತ್ತೆ’ ಎಂದು ಹೆಸರು.

“ಮೈದುನ ಗರಗಸ ತಂದಿಟ್ಟಿದಾನೆ ದೊಡ್ಡಪ್ಪ,” ಎಂದಳು ಕೂತವಳೇ. “ಹಿಕ್ಕೆ ಕಡ್ಡಿನೂ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದಾನೆ. ನಾನು ಬೇಡ ಅಂದೆ. ‘ನಿನಗೇನು ಗೊತ್ತು, ಲೆಂಗ್ ದೊಡ್ಡಪ್ಪನ್ನ ಕೇಳು, ಅವರು ಇರಲಿ ಅಂದ್ರೆ ಇರಲಿ’ ಅಂದ. ಅದಕ್ಕೇ ಬಂದೆ. ನಾಳೆ ಬೆಳಿಗ್ಗೆ ಕೊಯ್ತಾನಂತೆ.”

“ನಿನ್ನ ಮೈದುನನಿಗೆ ಬುದ್ಧಿ ಇದೆ. ನಿನ್ನನ್ನ ಕೇಳಲಿಲ್ಲ ನೋಡು,” ಎಂದ ದೊಡ್ಡಪ್ಪ. ಹೊಸಬಳು ಬಂದಳೆಂದು ಕುಡಿಕೆಯಲ್ಲಿದ್ದ ಎಲೆ ಚೆಲ್ಲಿ, ತೊಳೆದು, ಕೈ ಚಾಚಿದ. ಅವಳು ಚೀಲದಿಂದ ಪೊಟ್ಟಣ ತೆಗೆದು ಕೊಟ್ಟಳು. ಹೋದ ವಸಂತದ ಕೊಯ್ಲಿನಲ್ಲಿ ಅದೊಂದೇ ಉಳಿದದ್ದು.

ದೊಡ್ಡಪ್ಪ ಕಾಗದ ಬಿಚ್ಚಿದ. ಜಗಲಿಯ ತುಂಬ ಒಣಮೀನಿನ ನಾತ ಎದ್ದಿತು.

ಅಂಥಿಂಥ ನಾತವಲ್ಲ. ನನ್ನಂಥ ಮೂಗಿಗೂ ತಿಳಿಯುವ ನಾತ. ಗಲ್ಲಿಯ ಕೊನೆಯಲ್ಲಿ ಬಿಸಿಲು ಕಾಯುತ್ತಿದ್ದ ಬೆಕ್ಕು ಎದ್ದು ಬಂದು ಮೆಟ್ಟಿಲ ಮೇಲೆ ಕೂತಿತು. ಸೊಕ್‌ಲುವಾನಳ ಮುಖ ಕೆಂಪೇರಿತು. ಆಮೇಲೆ ಅವಳೇ ಹೇಳಿದಂತೆ, ಚಳಿಗಾಲದ ಹಬ್ಬಕ್ಕೆ ಬಂದ ಒಣಮೀನನ್ನು ಯಾರೋ ಈ ಪೊಟ್ಟಣ ಇಟ್ಟ ಡಬ್ಬಿಯಲ್ಲೇ ತುರುಕಿಟ್ಟಿದ್ದರು; ಚಹಾ ಎಲೆಯ ಬುದ್ಧಿ ಗೊತ್ತಲ್ಲ, ಪಕ್ಕದಲ್ಲಿ ಏನಿದೆಯೋ ಅದನ್ನೇ ಹೀರಿಕೊಂಡು ಕೂರುತ್ತದೆ. ಅವಳು “ಅಯ್ಯೋ ದೊಡ್ಡಪ್ಪ, ತಡೀರಿ…” ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ದೊಡ್ಡಪ್ಪ ಪೊಟ್ಟಣದೊಳಗೆ ಮೂಗಿಟ್ಟು, ಕಣ್ಣು ಮುಚ್ಚಿ, ದೀರ್ಘವಾಗಿ ಎಳೆದುಕೊಂಡ. “ಹೂವಿನ ಪರಿಮಳ ಇದೆ,” ಎಂದ. “ತೆಳು. ಬಡವರ ಮನೆ ಹೂವು.”

ಅವಳ ಬಾಯಿ ತೆರೆದದ್ದು ತೆರೆದೇ ಉಳಿಯಿತು.

ನೀರು ಬಿತ್ತು. ಬಿಸಿನೀರು ಬಿದ್ದ ಮೇಲೆ ಜಗಲಿ ಹೋಗಿ ಮೀನು ಸಂತೆಯಾಯಿತು. ದೊಡ್ಡಪ್ಪ ಒಂದಿಷ್ಟೂ ಅವಸರವಿಲ್ಲದೆ ಸುತ್ತಿ ಸುತ್ತಿ ಸುರಿದ, ಕೊನೆಯ ಹನಿಗಳನ್ನು ಸಮವಾಗಿ ಹಂಚಿದ. ಅವಳು ಅತಿಥಿ, ಮೊದಲು ಎತ್ತಿಕೊಳ್ಳಬೇಕು. ಎತ್ತಿಕೊಂಡು ಕೈಯಲ್ಲೇ ಹಿಡಿದು ಕೂತಳು. ನಾನು ಉಸಿರು ಬಿಗಿಹಿಡಿದು ನುಂಗಿದೆ. ದೊಡ್ಡಪ್ಪ ಮೂರು ಗುಟುಕು ಮಾಡಿ ಕುಡಿದು, ಖಾಲಿ ಬಟ್ಟಲನ್ನೂ ಒಮ್ಮೆ ಮೂಸಿ, ಕೆಳಗಿಟ್ಟ.

“ಶುಂಠಿ ಹೂವು ಆಗ್ಬೇಕು ಅಂತ ಆಸೆ ಇದಕ್ಕೆ. ಯೋಗ್ಯತೆ ಇಲ್ಲ. ಕಡೀರಿ.” ಆಮೇಲೆ ನನ್ನ ಕಡೆ ತಿರುಗಿ, “ಏನೋ ಚಪ್ಪಲಿ?” ಎಂದ.

ಸೊಕ್‌ಲುವಾನ್ ನನ್ನನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಾಗಿತ್ತು. ‘ಮೀನು’ ಎಂದಿದ್ದರೆ ಆಗುತ್ತಿತ್ತು; ನಿನ್ನೆ ಹುಟ್ಟಿದ ಮಗುವೂ ಹೇಳಬಹುದಾದ ಮಾತು. ನಾನು ಬಾಯಿ ತೆರೆದೆ. ಇಪ್ಪತ್ತೆರಡು ವರ್ಷದ ಅಭ್ಯಾಸ ತಾನಾಗಿ ಹೊರಬಿತ್ತು:

“ಶುಂಠಿ ಹೂವೇ, ದೊಡ್ಡಪ್ಪ.”

ಆಗ ಒಳಗಿಂದ ದೊಡ್ಡಮ್ಮನ ದನಿ ಬಂತು. “ಯಾರೇ ಅದು ಮೀನು ತಂದವರು? ಬಿಸಿಲಿಗೆ ಇಡಬೇಡಿ, ಇಲ್ಲಿ ಕೊಡಿ, ನೆನೆಹಾಕ್ತೀನಿ!” ಹಿಂದೆಯೇ ಬೋಗುಣಿ ಹಿಡಿದು ಅವಳೂ ಬಂದಳು. ಬಂದವಳು ಬಿಚ್ಚಿದ ಪೊಟ್ಟಣ ನೋಡಿದಳು, ಮೂರು ಬಟ್ಟಲು ನೋಡಿದಳು, ಗಂಡನನ್ನು ನೋಡಿದಳು. ಬೋಗುಣಿಯನ್ನು ಹೊಟ್ಟೆಗೆ ಅವುಚಿಕೊಂಡು ಅಲ್ಲೇ ನಿಂತಳು.

ದೊಡ್ಡಪ್ಪ ಪೊಟ್ಟಣವನ್ನು ಮತ್ತೆ ಎತ್ತಿ ಮೂಸಿದ. ಒಂದು ಸಲ, ಎರಡು ಸಲ. ಇಳಿಸಿದ.

“ದೊಡ್ಡಪ್ಪ,” ಎಂದಳು ಸೊಕ್‌ಲುವಾನ್. ದನಿ ಏರಿರಲಿಲ್ಲ. “ನಮ್ಮ ಪಕ್ಕದ್ಮನೆ ‘ಬೊಕ್ಕತಲೆ’ ಮರಾನ ಕಡಿಸಿದ್ದು ಹೋದ ಚಳಿಗಾಲ. ಅದಕ್ಕೂ ಶುಂಠಿ ಹೂವು, ಯೋಗ್ಯತೆ ಇಲ್ಲ ಅಂದಿದ್ರಿ. ಆ ಮನೆ ಮುದುಕ ಮೂರು ದಿನ ಹೊರಗೆ ಬರಲಿಲ್ಲ.”

“ಜ್ವರದಲ್ಲಿ ಹೋಯ್ತು,” ಎಂದ ದೊಡ್ಡಪ್ಪ.

“ಏನು?”

“ಮೂಗು. ಸಿಹಿ ಕಹಿ ಗೊತ್ತಾಗುತ್ತೆ. ಮಿಕ್ಕಿದ್ದು ಏನಿಲ್ಲ.”

“ಹಾಗಂತ ಹೇಳಕ್ಕೆ ಏನಾಗಿತ್ತು?”

“ಹೇಳಿದ್ರೆ ಯಾರು ಬರ್ತಾರೆ ಇಲ್ಲಿ? ಈ ಚಪ್ಪಲಿ ಒಬ್ಬ ಬರ್ತಾನೆ.”

ಆ ದುಃಖದಲ್ಲೂ ನನ್ನನ್ನು ಬಿಡಲಿಲ್ಲ. ಸೊಕ್‌ಲುವಾನ್ ನನ್ನ ಕಡೆ ತಿರುಗಿದಳು. “ನಿಮಗೂ ಜ್ವರ ಬಂದಿತ್ತೇನು?” ಎಂದಳು. ನನಗೆ ಹುಟ್ಟಿನಿಂದಲೇ ಹೀಗೆ ಎಂದು ಯಾವ ಬಾಯಲ್ಲಿ ಹೇಳಲಿ?

ದೊಡ್ಡಪ್ಪ ಕೆಂಡ ಕೆದಕುತ್ತ, ತಗ್ಗಿದ ದನಿಯಲ್ಲಿ ಕೇಳಿದ: “ಮೀನು ಸೇರೋಕೆ ಮುಂಚೆ ಹೇಗಿತ್ತಮ್ಮ, ನಿಮ್ಮ ಕುಂಟತ್ತೆ ಚಹಾ? ನೀನೇ ಹೇಳು.”

“ನನಗೇನು ಗೊತ್ತು? ಅದನ್ನ ಮಾರ್ತೀವಿ. ನಾವು ಕುಡಿಯೋದು ಕಡ್ಡಿ, ಮುರುಕು ಎಲೆ. ದೊಡ್ಡ ಜಗ್ಗಿಗೆ ಹಾಕಿ ಬಿಸಿನೀರು ಹುಯ್ಕೋತೀವಿ.”

“ಒಂದು ಬಟ್ಲೂ ಕುಡಿದಿಲ್ವಾ?”

“ಮೂವತ್ತು ವರ್ಷ ಆಯ್ತು ಆ ಮನೆಗೆ ಬಂದು. ಇಲ್ಲ.”

ದೊಡ್ಡಪ್ಪನ ಬೆನ್ನು ನೆಟ್ಟಗಾಯಿತು. “ಕತ್ತೆಗಳಾ! ಮೂವತ್ತು ವರ್ಷ ಅದರ ಕಾಲ ಬುಡದಲ್ಲಿ ಕೂತು ಒಂದು ಗುಟುಕು ಕುಡಿದಿಲ್ಲ, ಅದು ಬದುಕಬೇಕೋ ಸಾಯಬೇಕೋ ಅಂತ ಬಸ್ ಹತ್ತಿ ನನ್ನನ್ನ ಕೇಳೋಕೆ ಬಂದ್ಯಾ? ಮೂಗಿಲ್ಲದವನನ್ನ? ಬಾ ಈ ಕಡೆ. ಕೂತ್ಕೋ. ಕುಡಿಕೆ ಹಿಡಿ.”

ಅವಳನ್ನು ತನ್ನ ಜಾಗದಲ್ಲಿ ಕೂರಿಸಿದ. ಕುಡಿಕೆಯನ್ನು ಮೂರು ಸಲ ಕುದಿನೀರಲ್ಲಿ ತೊಳೆಸಿದ. ತನ್ನ ಸ್ವಂತ ಡಬ್ಬಿಯ ಎಲೆ ಹಾಕಿಸಿ, ಮುಚ್ಚಳ ಒತ್ತಿ ಹಿಡಿಯುವುದು, ಸುತ್ತಿ ಸುರಿಯುವುದು, ಕೊನೆಯ ಹನಿ ಹಂಚುವುದು, ಎಲ್ಲ ಹೇಳಿಕೊಟ್ಟ. ಪ್ರತಿ ಹೆಜ್ಜೆಗೂ ಬೈದ. ಅವಳ ಬೆರಳು ಸುಟ್ಟಿತು, ಅದಕ್ಕೂ ಬೈದ. ಅವಳು ಕುಡಿದಳು. ಖಾಲಿ ಬಟ್ಟಲನ್ನು ಮೂಸಿದಳು.

“ಹುರಿಯೋ ದಿನ ಬೆಳಗಿನ ಜಾವ ಬಾಗಿಲು ತೆಗೆದಾಗ ಘಮ ಬರುತ್ತಲ್ಲ, ಹಾಗಿದೆ,” ಎಂದಳು. “ಆದ್ರೆ ಇದು ಎರಡನೇ ಸಲ ಬೆಂಕಿಗೆ ಇಟ್ಟಿದ್ದು. ಯಾರೋ ಅವಸರದಲ್ಲಿ ಇಟ್ಟಿದಾರೆ.”

ದೊಡ್ಡಪ್ಪ ದೊಡ್ಡಮ್ಮನ ಮುಖ ನೋಡಿದ. ಜ್ವರಕ್ಕೆ ಮುಂಚೆ ಆ ಡಬ್ಬಿಯ ಬಗ್ಗೆ ಅವನೇ ಹೇಳಿದ್ದ ಮಾತು ಅದು, ಅಕ್ಷರ ಬಿಡದೆ.

“ಮರ ಇರಲಿ. ಹೋಗಿ ನಿನ್ನ ಮೈದುನನಿಗೆ ಹೇಳು,” ಎಂದ. “ನನಗೆ ಮೂಗಿಲ್ಲ, ನೀನೇ ನೋಡ್ಕೋತೀಯ ಅಂತಾನೂ ಹೇಳು.”

ಅವಳು ಚೀಲ ಎತ್ತಿಕೊಂಡಳು. “ನಾನು ಹೇಳಿದ್ರೆ ಅವನು ಕೇಳಲ್ಲ. ನೀವು ಹೇಳಿದ್ರಿ ಅಂದ್ರೆ ಕೇಳ್ತಾನೆ. ಅದಕ್ಕೇ ನಿಮ್ಮ ಮೂಗಿನ ವಿಷ್ಯ ನಾನು ಎಲ್ಲೂ ಎತ್ತಲ್ಲ. ಅದಕ್ಕೆ ಬದಲಾಗಿ ಒಂದು ಮಾಡ್ಬೇಕು. ಇನ್ಮೇಲೆ ನಮ್ಮ ಬೆಟ್ಟದಿಂದ ಯಾರೇ ಬಂದು ಕೇಳಿದ್ರೂ ‘ಚೆನ್ನಾಗಿದೆ, ಕಡೀಬೇಡ’ ಅನ್ಬೇಕು.”

“ಯಾವ ಗಲೀಜು ತಂದ್ರೂನಾ?”

“ಯಾವ ಗಲೀಜು ತಂದ್ರೂ.”

ದೊಡ್ಡಮ್ಮ ಮೊದಲ ಬಾರಿಗೆ ನಕ್ಕಳು. “ಇದರ ಬದಲು ಜೈಲಿಗೆ ಹಾಕ್ಸಮ್ಮ, ಆರಾಮಾಗಿ ಇರ್ತಾರೆ,” ಎಂದಳು.

ಮೂರು ವಾರದ ಮೇಲೆ ಅದೇ ಬೆಟ್ಟದಿಂದ ಒಬ್ಬ ಬಂದ. ಕಡಿಯುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿ, ಅನುಮತಿಯ ಮುದ್ರೆಗಾಗಿ ಬಂದಿದ್ದವನು. ಅವನು ತಂದ ಚಹಾ ಕರಕು ಕಹಿ. ನನ್ನ ನಾಲಗೆಯೇ ಮಡಚಿಕೊಂಡಿತು. ದೊಡ್ಡಪ್ಪ ಕುಡಿದ. ಕತ್ತಿನ ನರ ಉಬ್ಬಿತು. ಎಪ್ಪತ್ತನಾಲ್ಕು ವರ್ಷದ ಬಾಯಿಗೆ ಅಭ್ಯಾಸವಿಲ್ಲದ ಮಾತು. ಎರಡು ಸಲ ತುಟಿ ಅಲುಗಿ ನಿಂತಿತು.

“ಚೆನ್ನಾಗಿದೆ,” ಎಂದ ಕೊನೆಗೆ. “ಕಡೀಬೇಡ.”

“ನಿಜವಾಗ್ಲೂನಾ?” ಎಂದ ಬಂದವನು, ನಿರಾಸೆಯಿಂದ.

ಎರಡು ಗಳಿಗೆ ದೊಡ್ಡಪ್ಪ ತಡೆದುಕೊಂಡ. ಆಮೇಲೆ ಅವನ ಕಣ್ಣು ಹೊಳೆಯಿತು. “ಮರ ಚೆನ್ನಾಗಿದೆ ಕಣೋ. ಅದನ್ನ ಹುರಿದವನು ಯಾವ ಕತ್ತೆ? ನೀನೇನಾ? ನಿನಗೆ ಬಾಣಲೆ ಕೊಟ್ಟವರು ಯಾರು? ನಿಮ್ಮಪ್ಪ ಬದುಕಿದ್ರೆ ಅದೇ ಬಾಣಲೆಯಲ್ಲಿ ಹೊಡೀತಿದ್ದ!” ಎಂದು ಶುರುಮಾಡಿ ಅರ್ಧ ಗಂಟೆ ಬೈದ. ಅಂದಿನಿಂದ ಅವನ ಮಾತಿಗೆ ಒಂದು ಮರವೂ ಬಿದ್ದಿಲ್ಲ. ಮರಗಳಿಗೆ ತಪ್ಪಿದ ತಿರಸ್ಕಾರವೆಲ್ಲ ಮನುಷ್ಯರ ಮೇಲೆ ಬೀಳುತ್ತಿದೆ, ಅದರಲ್ಲಿ ದೊಡ್ಡ ಪಾಲು ನನ್ನದು. ಬೆಟ್ಟದವರು ಬೈಸಿಕೊಂಡು, ಸಮಾಧಾನವಾಗಿ, ಬಸ್ ಹತ್ತಿ ಹೋಗುತ್ತಾರೆ.

ವಸಂತದ ಕೊಯ್ಲು ಮುಗಿದು ತಿಂಗಳಾದರೂ ಕುಂಟತ್ತೆಯ ಪೊಟ್ಟಣ ಬರಲಿಲ್ಲ. ಬಾಯಿಬಿಟ್ಟು ಕೇಳಲು ದೊಡ್ಡಪ್ಪನಿಗೆ ಅವಮಾನ. ನನ್ನಿಂದ ಫೋನ್ ಮಾಡಿಸಿದ. ಈ ಸಲ ಎಷ್ಟು ಬಂತು, ಯಾರಿಗೆ ಮಾರಿದೆ ಎಂದು ಕೇಳಿದೆ.

“ಮಾರಲಿಲ್ಲ,” ಎಂದಳು ಸೊಕ್‌ಲುವಾನ್. “ನಾನೂ ನನ್ನ ಓರಗಿತ್ತಿಯೂ ಕೂತು ಕುಡಿದುಬಿಟ್ವಿ.”